ವೈದ್ಯಕೀಯ ಸಲಕರಣೆ ಆರ್ಡರ್ ತಂತ್ರಾಂಶದಲ್ಲಿ ಬಂಡಲ್ ಉತ್ಪನ್ನ

ರೋಗಿಗೆ ಒಟ್ಟಿಗೇ ಬೇಕಾಗುವ ಹಲವು ಸಾಮಗ್ರಿಗಳನ್ನು ಒಂದೇ ಹೆಸರಿನಡಿ ಸೇರಿಸಿ, ಒಂದೇ ಸಲಕ್ಕೆ ಆರ್ಡರ್ ಮಾಡಲು ಬರುವಂತೆ ತಂತ್ರಾಂಶದಲ್ಲಿ ರೂಪಿಸಿಟ್ಟ ನಮೂದನ್ನು ಬಂಡಲ್ ಉತ್ಪನ್ನ ಎನ್ನುತ್ತಾರೆ. ವೈದ್ಯರ ಆದೇಶದ ಮೇಲೆ ಸಲಕರಣೆಗಳನ್ನು ರೋಗಿಯ ಮನೆಗೆ ಪೂರೈಸಿ ವಿಮೆಯಿಂದ ಹಣ ಪಡೆಯುವ ಅಮೆರಿಕದ ವ್ಯವಸ್ಥೆಯಲ್ಲಿ ಇದರ ಬಳಕೆ ಹೆಚ್ಚು. ಅಲ್ಲಿ ಬಂಡಲನ್ನು ತಪ್ಪಾಗಿ ಕಟ್ಟಿದರೆ ಪೆಟ್ಟು ಬೀಳುವುದು ಬಿಲ್ಲಿಗೆ.

ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಕೊಡುವ ಸಿಪ್ಯಾಪ್ ಸೆಟ್ಟನ್ನೇ ನೋಡಬಹುದು. ವೈದ್ಯರಿಗೆ ಅದು ಒಂದು ವಸ್ತು. ವಿಮೆಯ ಲೆಕ್ಕದಲ್ಲಿ ಮಾತ್ರ ಪ್ರತಿ ಭಾಗಕ್ಕೂ ಬೇರೆ ಬಿಲ್ಲಿಂಗ್ ಸಂಕೇತ: ಯಂತ್ರ ಇ0601, ಬಿಸಿ ಹ್ಯುಮಿಡಿಫೈಯರ್ ಇ0562, ಮುಖ ಪೂರ್ತಿ ಮುಚ್ಚುವ ಮಾಸ್ಕ್ ಎ7030, ತಲೆಪಟ್ಟಿ ಎ7035, ಸಾದಾ ಕೊಳವೆ ಎ7037, ಬಿಸಾಡುವ ಫಿಲ್ಟರ್ ಎ7038. ಯಂತ್ರಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 13 ತಿಂಗಳವರೆಗೆ ಬಾಡಿಗೆ ಕೊಡುತ್ತದೆ. ಮಾಸ್ಕ್ ಮತ್ತು ಕೊಳವೆಯನ್ನು ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ, ತಲೆಪಟ್ಟಿಯನ್ನು 6 ತಿಂಗಳಿಗೊಮ್ಮೆ ಬದಲಿಸಬಹುದು. ಬಿಸಾಡುವ ಫಿಲ್ಟರ್ ತಿಂಗಳಿಗೆ 2. ಹೀಗಾಗಿ ಬಂಡಲಿನ ಹೆಸರು ಆಯ್ಕೆಯ ಪರದೆಗೆ ಸಾಕು. ಆರ್ಡರ್ ಸೇರಿದೊಡನೆ ಅದು ಬಿಡಿ ಸಾಲುಗಳಾಗಿ ಒಡೆಯಬೇಕು, ದಾಸ್ತಾನೂ ಬಿಡಿ ವಸ್ತುಗಳದ್ದೇ ಕಡಿಮೆಯಾಗಬೇಕು.

ಪ್ರತಿ ಸಾಲಿಗೂ ಸಂಕೇತ, ಪ್ರಮಾಣ, ಅಳತೆಯ ಏಕಮಾನ, ಬಾಡಿಗೆಯೋ ಮಾರಾಟವೋ, ಬದಲಿಯ ಅವಧಿ ಎಷ್ಟು ಎಂಬುದನ್ನು ತುಂಬಬೇಕಾಗುತ್ತದೆ. ಇವುಗಳಲ್ಲಿ ಎಡವಟ್ಟಿಗೆ ಹೆಚ್ಚು ಆಸ್ಪದ ಕೊಡುವುದು ಏಕಮಾನ. ರಕ್ತದ ಸಕ್ಕರೆ ನೋಡುವ ಸ್ಟ್ರಿಪ್‌ಗಳ ಎ4253 ಸಂಕೇತದಲ್ಲಿ 1 ಎಂದರೆ 50 ಸ್ಟ್ರಿಪ್. 100 ಸ್ಟ್ರಿಪ್ ಬೇಕಾದಾಗ 2 ಎಂದು ಹಾಕಬೇಕು. 100 ಎಂದೇ ಹಾಕಿದರೆ 5,000 ಸ್ಟ್ರಿಪ್‌ಗಳ ಬಿಲ್ ಏಳುತ್ತದೆ.

ಕೆಲವು ಭಾಗಗಳು ಕಡ್ಡಾಯ, ಕೆಲವು ಐಚ್ಛಿಕ, ಕೆಲವು ಒಂದಿದ್ದರೆ ಇನ್ನೊಂದು ಬೇಡದಂಥವು. ಬಿಸಿ ಕೊಳವೆ ಎ4604 ಆರಿಸಿದಾಗ ಸಾದಾ ಕೊಳವೆ ತಾನಾಗಿ ಬಿಟ್ಟುಹೋಗಬೇಕು. ಐಚ್ಛಿಕ ಭಾಗಗಳಿಗೆ ಮೊದಲೇ ಟಿಕ್ ಹಾಕಿಡುವ ಪದ್ಧತಿ ಒಳ್ಳೆಯದಲ್ಲ: ಗಲ್ಲಪಟ್ಟಿ ಬೇಡದ ರೋಗಿಯ ಮನೆಗೂ ಗಲ್ಲಪಟ್ಟಿ ಹೋಗುತ್ತದೆ.

ಎಲ್ಲವನ್ನೂ ಒಡೆಯುವುದೂ ಸರಿಯಲ್ಲ. ಪಂಪಿನಿಂದ ನಳಿಕೆಯ ಮೂಲಕ ಆಹಾರ ಕೊಡುವ ಕಿಟ್‌ಗೆ ಬಿ4035 ಎಂಬ ಒಂದೇ ಸಂಕೇತ, ಲೆಕ್ಕ ದಿನಕ್ಕೊಂದು. ಅದರೊಳಗಿನ ಚೀಲ, ಸಿರಿಂಜುಗಳಿಗೆ ಬೇರೆ ಬಿಲ್ ಮಾಡುವಂತಿಲ್ಲ. ಗೋದಾಮಿನಲ್ಲಿ ಅವು ಬಿಡಿಯಾಗಿದ್ದರೂ ಬಿಲ್ಲಿನಲ್ಲಿ ಒಂದೇ ಸಾಲಾಗಿ ಬರಬೇಕು.

ವೈದ್ಯರ ಸಹಿಯ ಪ್ರಶ್ನೆಯೂ ಇದೆ. 2020ರ ಜನವರಿ 1ರಿಂದ ಮೆಡಿಕೇರ್ ಜಾರಿಗೆ ತಂದ ಏಕರೂಪದ ಲಿಖಿತ ಆದೇಶದಲ್ಲಿ, ಪ್ರತ್ಯೇಕವಾಗಿ ಬಿಲ್ ಮಾಡುವ ಪ್ರತಿಯೊಂದು ಬಿಡಿಭಾಗವೂ ನಮೂದಾಗಿರಬೇಕು. ತಂತ್ರಾಂಶ ಬರೀ ‘ಸಿಪ್ಯಾಪ್ ಸೆಟ್’ ಎಂದು ಮುದ್ರಿಸಿದರೆ ಉಳಿದ ಭಾಗಗಳ ಬಿಲ್ಲಿಗೆ ಆಧಾರವಿರುವುದಿಲ್ಲ. ಸಹಿಯಾದ ಆದೇಶವನ್ನು ಬಂಡಲಿನ ಮುಂದಿನ ತಿದ್ದುಪಡಿ ಮುಟ್ಟಬಾರದು; ಬದಲಾವಣೆ ಹೊಸ ಆವೃತ್ತಿಯಾಗಿ ಹೊಸ ಆರ್ಡರುಗಳಿಗಷ್ಟೇ ಅನ್ವಯಿಸಬೇಕು. ಅವಧಿ ಮುಗಿಯಿತೆಂದು ಮರುಪೂರೈಕೆಯನ್ನು ತಾನಾಗಿ ಕಳಿಸುವುದಕ್ಕೂ ಮೆಡಿಕೇರ್ ಒಪ್ಪುವುದಿಲ್ಲ, ಮೊದಲು ರೋಗಿಯನ್ನು ಕೇಳಬೇಕು.

ಸಂಕೇತಗಳ ಪಟ್ಟಿಯನ್ನು ಮೆಡಿಕೇರ್ ನಡೆಸುವ ಸಿಎಂಎಸ್ ಸಂಸ್ಥೆ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತದೆ. ಆ ಸಂದರ್ಭದಲ್ಲಿ ಬಂಡಲುಗಳನ್ನೂ ಪರಿಶೀಲಿಸಿ, ರದ್ದಾದ ಸಂಕೇತಗಳನ್ನು ತೆಗೆಯಬೇಕಾಗುತ್ತದೆ.