ಅಂಕಿಯ ಆಟವೂ ಪಣದ ಹಣವೂ: ತಂಬೋಲಾದ ಚರಿತ್ರೆ ಹೇಳುವ ಪಾಠ

ಶ್ರಾವಕಧರ್ಮವನ್ನು ನಿರೂಪಿಸಿದ ಆಚಾರ್ಯರು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲಿಗೆ ಇರಿಸಿದ್ದಾರೆ. ಮಾಂಸ, ಮದ್ಯ, ಬೇಟೆ, ಕಳವು ಮೊದಲಾದವುಗಳಿಗಿಂತ ಮುಂಚೆ ಜೂಜಿನ ಹೆಸರು ಬರುವುದು ಆಕಸ್ಮಿಕವಲ್ಲ. ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ಅನರ್ಥಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನವಿತ್ತು ಅದರ ತ್ಯಾಗವನ್ನು ವಿಧಿಸಿದ್ದಾರೆ. ಜೂಜಿನ ಕಟ್ಟೆ ಹತ್ತುವ ಜೈನ ಗೃಹಸ್ಥರು ವಿರಳರೆಂಬುದು ಸಂತೋಷದ ಸಂಗತಿಯೇ. ಆದರೆ ಮದುವೆಯ ಹಿಂದಿನ ರಾತ್ರಿ, ಮಹಿಳಾ ಸಮಾಜದ ವಾರ್ಷಿಕೋತ್ಸವ, ಮಹಾವೀರ ಜಯಂತಿಯ ಸಂಜೆಯ ಮನರಂಜನೆ, ಇಂತಹ ಸಂದರ್ಭಗಳಲ್ಲಿ ತಂಬೋಲಾ ಅಥವಾ ಹೌಸಿ ಎಂಬ ಅಂಕಿಯ ಆಟ ನಿರಾತಂಕವಾಗಿ ನಡೆಯುತ್ತದೆ. ಟಿಕೇಟಿನ ಹಣದಲ್ಲಿ ಒಂದು ಪಾಲು ಬಸದಿಯ ನಿಧಿಗೆ ಸಲ್ಲುವುದೂ ಉಂಟು. ಇದು ವಿನೋದವೋ, ದಾನವೋ, ದ್ಯೂತವೋ? ಈ ಪ್ರಶ್ನೆಗೆ ಆ ಆಟದ ಚರಿತ್ರೆಯೇ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಹೇಮಾವತಿಯ ದಡದ ಹೇಮಗಿರಿಯಿಂದ ಕಾವೇರಿಯ ನಡುವಿನ ಶ್ರೀರಂಗಪಟ್ಟಣದವರೆಗೆ ಹಬ್ಬಿರುವ ಸೀಮೆಗೆ ದ್ಯೂತದ ಕಥೆ ಹೊಸದಲ್ಲ. ಫ್ರೆಂಚ್ ರಾಕ್ಸ್ ಎಂದು ಕರೆಯಲ್ಪಡುತ್ತಿದ್ದ ಊರು ಪಾಂಡವಪುರವೆಂಬ ಹೆಸರು ಪಡೆದದ್ದು ಸ್ಥಳೀಯ ನಂಬಿಕೆಯೊಂದರ ಬಲದಿಂದ. ವನವಾಸದ ಕಾಲದಲ್ಲಿ ಪಾಂಡವರು ತಾಯಿಯೊಡನೆ ಅಲ್ಲಿಯ ಕುಂತಿಬೆಟ್ಟದಲ್ಲಿ ತಂಗಿದ್ದರೆಂದು ಜನ ಹೇಳುತ್ತಾರೆ. ಆ ವನವಾಸಕ್ಕೆ ಕಾರಣವಾದದ್ದು ಪಗಡೆಯ ಹಾಸೇ ಎಂಬುದನ್ನು ಯಾರೂ ಮರೆತಿಲ್ಲ. ಆದರೂ ಯುಗಾದಿ ಬಂದಿತೆಂದರೆ ಈ ಭಾಗದ ಅನೇಕ ಹಳ್ಳಿಗಳಲ್ಲಿ ಹಣವಿಟ್ಟು ಇಸ್ಪೀಟು ಆಡುವುದು ಸಂಪ್ರದಾಯದ ಹೆಸರಿನಲ್ಲಿ ನಡೆದು ಬಂದಿದೆ. ಹೇಮಗಿರಿಯ ದನಗಳ ಜಾತ್ರೆಯಂತಹ ಜನಸಂದಣಿಗೆ ಬರುವ ರೈತನ ಕೈಯಲ್ಲಿ ಎತ್ತು ಮಾರಿದ ಹಣವಿರುತ್ತದೆ. ಅದು ಮನೆ ಸೇರುವ ಮುನ್ನ ಎಷ್ಟು ಪ್ರಲೋಭನೆಗಳನ್ನು ದಾಟಬೇಕೆಂಬುದನ್ನು ಹಳ್ಳಿಯ ಜೀವನ ಬಲ್ಲವರಿಗೆ ವಿವರಿಸಬೇಕಿಲ್ಲ.

ಹಾಗೆಂದು ನಮ್ಮ ಪೂರ್ವಿಕರು ಆಟವನ್ನೇ ಹೀಗಳೆದವರಲ್ಲ. ಚೌಕಾಬಾರ, ಚೆನ್ನೆಮಣೆ, ಹುಲಿ ಕುರಿ ಆಟಗಳು ಮನೆಯ ಜಗಲಿಯಲ್ಲೂ ದೇಗುಲದ ಕಲ್ಲುಹಾಸಿನ ಮೇಲೂ ನಡೆದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗ, ಗಂಜೀಫಾ ಮೊದಲಾದ ಆಟಗಳಿಗೆ ಹೊಸ ರೂಪಗಳನ್ನೇ ಕಲ್ಪಿಸಿದರು. ಪಶ್ಚಿಮ ಭಾರತದ ಜೈನರಲ್ಲಿ ‘ಜ್ಞಾನಬಾಜಿ’ ಎಂಬ ಹಾವು ಏಣಿ ಆಟವಿತ್ತು. ಅದರ ಹಲವು ಪಟಗಳಲ್ಲಿ 84 ಮನೆಗಳಿದ್ದು, ಪುಣ್ಯದ ಏಣಿ ಮೇಲಕ್ಕೂ ಪಾಪದ ಹಾವು ಕೆಳಕ್ಕೂ ಜೀವವನ್ನು ಒಯ್ಯುತ್ತಿದ್ದವು. ದಾಳ ಹೇಗೆ ಬೀಳುವುದೆಂಬ ಅನಿಶ್ಚಯ ಅಲ್ಲಿಯೂ ಇತ್ತು. ಆದರೆ ಆ ಆಟದ ಗುರಿ ಕರ್ಮಸಿದ್ಧಾಂತದ ಬೋಧೆ, ಧನಲಾಭವಲ್ಲ. ಆದುದರಿಂದ ಅನಿಶ್ಚಯವೊಂದರಿಂದಲೇ ಆಟವು ದ್ಯೂತವಾಗುವುದಿಲ್ಲ, ಅದಕ್ಕೆ ಪಣ ಸೇರಬೇಕು. ತಂಬೋಲಾದ ಕಥೆ ಈ ಪಣ ಸೇರುವ ಬಗೆಯ ಕಥೆಯೇ ಆಗಿದೆ.

ಇಟಲಿಯ ಜಿನೋವಾ ನಗರದಲ್ಲಿ 16ನೆಯ ಶತಮಾನದಲ್ಲಿ ಆಡಳಿತ ಸಭೆಗೆ ಸದಸ್ಯರನ್ನು ಚೀಟಿ ಎತ್ತಿ ಆರಿಸುವ ಪದ್ಧತಿಯಿತ್ತು. ಯಾವ ಐದು ಹೆಸರುಗಳು ಬರುವುವೆಂದು ಜನರು ಪಂಥ ಕಟ್ಟತೊಡಗಿದರು. ಕ್ರಮೇಣ ಹೆಸರುಗಳ ಸ್ಥಾನದಲ್ಲಿ 1ರಿಂದ 90ರವರೆಗಿನ ಅಂಕಿಗಳು ಬಂದು ಅದು ಲಾಟರಿಯಾಯಿತು. ನೇಪಲ್ಸ್‌ನಲ್ಲಿ 1734ರಲ್ಲಿ ದೊರೆ ಚಾರ್ಲ್ಸನು ಬೊಕ್ಕಸದ ಆದಾಯಕ್ಕಾಗಿ ಲಾಟರಿಯನ್ನು ನಡೆಸಬಯಸಿದಾಗ ಗ್ರೆಗೋರಿಯೋ ರೊಕ್ಕೋ ಎಂಬ ಪಾದ್ರಿಯು ಇದು ಪ್ರಜೆಗಳ ಶೀಲವನ್ನು ಕೆಡಿಸುವುದೆಂದು ವಿರೋಧಿಸಿದನೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಕೊನೆಗೆ ಕ್ರಿಸ್‌ಮಸ್ ವಾರದಲ್ಲಿ ಮಾತ್ರ ಲಾಟರಿಯನ್ನು ನಿಲ್ಲಿಸುವುದೆಂದು ರಾಜಿಯಾಯಿತಂತೆ. ಆ ವಾರ ಜನರು ಮನೆಯಲ್ಲಿಯೇ ಅಂಕಿಗಳನ್ನು ಬುಟ್ಟಿಯಲ್ಲಿ ಹಾಕಿ ಆಡಿದ ಆಟವೇ ‘ತೊಂಬೊಲಾ’. ಧರ್ಮಗುರುವೊಬ್ಬನ ನಿಷೇಧವೇ ಜೂಜನ್ನು ಬೀದಿಯಿಂದ ಮನೆಯ ಒಳಗೆ ತಂದಿತೆಂಬ ಈ ಕಥೆ ವಿಚಾರಯೋಗ್ಯವಾಗಿದೆ. ಅಂಗಡಿಯನ್ನು ಮುಚ್ಚಿಸಿದ ಮಾತ್ರಕ್ಕೆ ಆಸೆ ಅಳಿಯುವುದಿಲ್ಲ.

ಜರ್ಮನಿಯಲ್ಲಿ 19ನೆಯ ಶತಮಾನದಲ್ಲಿ ಇದೇ ಅಂಕಿಪಟವನ್ನು ಮಕ್ಕಳಿಗೆ ಲೆಕ್ಕ ಕಲಿಸಲು ಬಳಸಿದರು. ಪಣವಿಲ್ಲದಿದ್ದಾಗ ಅದೇ ಆಟ ಪಾಠವಾಯಿತೆಂಬುದು ಗಮನಾರ್ಹ. ಅಮೆರಿಕದಲ್ಲಿ 1929ರ ಸುಮಾರಿಗೆ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿಯು ಜಾತ್ರೆಯೊಂದರಲ್ಲಿ ‘ಬೀನೋ’ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಈ ಆಟವನ್ನು ಕಂಡು, ‘ಬಿಂಗೊ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದನು. ಅದು ಆರ್ಥಿಕ ಕುಸಿತದ ಕಾಲ. ಪೆನ್ಸಿಲ್ವೇನಿಯಾದ ಪಾದ್ರಿಯೊಬ್ಬರು ಚರ್ಚಿನ ನಿಧಿಗಾಗಿ ಅದನ್ನು ಬಳಸಿದರು. ಕೆಲವೇ ವರ್ಷಗಳಲ್ಲಿ ಅಸಂಖ್ಯಾತ ಚರ್ಚುಗಳು ಅದೇ ದಾರಿ ಹಿಡಿದವು. ಹೀಗೆ ಜಾತ್ರೆಯ ಜೂಜು ದಾನದ ವೇಷ ತೊಟ್ಟು ಪ್ರಾರ್ಥನಾಮಂದಿರದ ಸಭಾಂಗಣವನ್ನು ಪ್ರವೇಶಿಸಿತು. ಬ್ರಿಟನ್ನಿನಲ್ಲಿ 1960ರ ಕಾಯಿದೆಯು ವಾಣಿಜ್ಯ ರೂಪದ ಬಿಂಗೊಗೆ ಅವಕಾಶ ಕೊಟ್ಟಾಗ, ಪ್ರೇಕ್ಷಕರಿಲ್ಲದ ಎಷ್ಟೋ ಚಿತ್ರಮಂದಿರಗಳು ಬಿಂಗೊ ಅಂಗಡಿಗಳಾಗಿ ಪರಿವರ್ತನೆಗೊಂಡವು.

ಭಾರತಕ್ಕೆ ಈ ಆಟ ಬ್ರಿಟಿಷರ ಸೈನಿಕ ಶಿಬಿರ ಮತ್ತು ಕ್ಲಬ್ಬುಗಳ ಮೂಲಕ ಬಂದಿತು. ಸೈನಿಕರ ‘ಹೌಸಿ’ಯೂ ಇಟಲಿಯ ‘ತೊಂಬೊಲಾ’ವೂ ಇಲ್ಲಿ ಒಂದೇ ಆಟದ ಎರಡು ಹೆಸರುಗಳಾಗಿ ಉಳಿದವು. ಟಿಕೇಟಿನಲ್ಲಿ ಮೂರು ಸಾಲು, ಒಂಬತ್ತು ಕಂಬ, ಪ್ರತಿ ಸಾಲಿಗೆ ಐದರಂತೆ 15 ಅಂಕಿಗಳು. ಜಿನೋವಾದ 90 ಅಂಕಿಗಳು ಇಂದಿಗೂ ಹಾಗೆಯೇ ಇವೆ. ಕ್ಲಬ್ಬಿನಿಂದ ಬಡಾವಣೆಗೆ, ಬಡಾವಣೆಯಿಂದ ಕಲ್ಯಾಣಮಂಟಪಕ್ಕೆ ಅದು ಸದ್ದಿಲ್ಲದೆ ನಡೆದು ಬಂದಿತು.

ದ್ಯೂತದ ಲಕ್ಷಣವೇನೆಂಬ ಪ್ರಶ್ನೆಯನ್ನು ನಮ್ಮ ದೇಶದ ನ್ಯಾಯಾಲಯಗಳೂ ಎದುರಿಸಿವೆ. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಕೌಶಲದ ಸ್ಪರ್ಧೆಗೂ ಅದೃಷ್ಟದ ಜೂಜಿಗೂ ಭೇದ ಕಲ್ಪಿಸಿತು. ಕರ್ನಾಟಕ ಸರ್ಕಾರವು 2007ರಲ್ಲಿ ರಾಜ್ಯದಲ್ಲಿ ಲಾಟರಿಯನ್ನು ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಕೌಶಲವೋ ಅದೃಷ್ಟವೋ ಎಂಬ ವಿಚಾರವನ್ನು ಬದಿಗಿರಿಸಿ, ಗೆಲ್ಲುವ ಆಸೆಯಿಂದ ಹಣ ತೊಡಗಿಸುವುದನ್ನೇ ದೋಷವೆಂದು ಪರಿಗಣಿಸಿತು. ಆಚಾರ್ಯರ ದೃಷ್ಟಿಯೂ ಇದಕ್ಕೆ ದೂರವಲ್ಲ. ಶ್ರಮವಿಲ್ಲದೆ ಪರರ ಧನ ತನಗೆ ಬರಲೆಂಬ ಇಚ್ಛೆಯಲ್ಲಿಯೇ ದ್ಯೂತದ ಬೀಜವಿದೆ.

ಬಸದಿಯ ನಿಧಿಗಾಗಿ ಆಡುವ ತಂಬೋಲಾವನ್ನು ಈಗ ವರ್ತಕರ ಲೆಕ್ಕದಲ್ಲಿಟ್ಟು ನೋಡಬಹುದು. ನೂರು ಜನರು ತಲಾ 20 ರೂಪಾಯಿಯ ಒಂದೊಂದು ಟಿಕೇಟು ಕೊಂಡರೆಂದು ಭಾವಿಸೋಣ. ಜಮೆ 2,000 ರೂಪಾಯಿ. ಬಹುಮಾನಕ್ಕೆ 1,400, ಜೀರ್ಣೋದ್ಧಾರಕ್ಕೆ 600. ಆರು ಜನ ಗೆದ್ದರು, 94 ಜನ ಬರಿಗೈಯಲ್ಲಿ ಹೋದರು. ಈ 600 ರೂಪಾಯಿಯನ್ನು ದಾನವೆಂದು ಬರೆಯುವುದಾದರೆ ದಾತೃ ಯಾರು? ಗೆದ್ದವನು ಕೊಡಲಿಲ್ಲ, ಪಡೆದನು. ಸೋತವನು ಕೊಡಬೇಕೆಂದು ಬರಲಿಲ್ಲ, ಗೆಲ್ಲಬೇಕೆಂದು ಬಂದನು. ತನ್ನದನ್ನು ಅನುಗ್ರಹಬುದ್ಧಿಯಿಂದ ತ್ಯಜಿಸುವುದು ದಾನವೆಂಬ ತತ್ತ್ವಾರ್ಥಸೂತ್ರದ ಲಕ್ಷಣ ಇಲ್ಲಿ ಯಾರಿಗೂ ಹೊಂದುವುದಿಲ್ಲ. ಪಾತ್ರವು ಉತ್ತಮವಾಗಿದ್ದರೂ ದಾತೃವಿನ ಭಾವ ಕೆಟ್ಟಿದೆ. ಮೇಲಾಗಿ ಅದೇ ನೂರು ಜನರು ತಲಾ ಆರು ರೂಪಾಯಿ ಕೊಟ್ಟಿದ್ದರೆ ಅಷ್ಟೇ ಹಣ ಕೂಡುತ್ತಿತ್ತು. ಆರು ರೂಪಾಯಿಯ ದಾನಕ್ಕೆ ಹದಿನಾಲ್ಕು ರೂಪಾಯಿಯ ಆಸೆಯನ್ನು ಬೆರೆಸಬೇಕೆ?

ಇಪ್ಪತ್ತು ರೂಪಾಯಿಯಿಂದ ಯಾರ ಮನೆಯೂ ಮುಳುಗದೆಂಬ ಮಾತು ನಿಜ. ಆದರೆ ಬಸದಿಯ ಆವರಣದಲ್ಲಿ ಹಿರಿಯರ ಸಮ್ಮುಖದಲ್ಲಿ ಹಣವಿಟ್ಟು ಆಡಿದ ಬಾಲಕನಿಗೆ, ಮುಂದೆ ಮೊಬೈಲಿನ ಪರದೆಯಲ್ಲಿ ಅಂತಹುದೇ ಆಟ ಎದುರಾದಾಗ ತಡೆಯುವ ಸಂಸ್ಕಾರ ಯಾವುದು? ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಪಾರ್ಶ್ವನಾಥ ಬಸದಿಯೂ ಇದೇ ಸೀಮೆಯಲ್ಲಿವೆ. ಕನ್ನಡ ನಾಡಿನ ಬಸದಿಗಳ ಶಾಸನಗಳು ಪೂಜೆಗೆ, ಆಹಾರದಾನಕ್ಕೆ, ಜೀರ್ಣೋದ್ಧಾರಕ್ಕೆ ಬಿಟ್ಟ ಭೂಮಿಯನ್ನು ಎಲ್ಲೆಕಟ್ಟುಗಳ ಸಹಿತ ಹೇಳುತ್ತವೆ. ಕೊಟ್ಟವರ ಹೆಸರೂ ಕೊಟ್ಟ ವಸ್ತುವೂ ಅಲ್ಲಿ ನಿಸ್ಸಂದಿಗ್ಧ. ಇಂದಿನ ಟ್ರಸ್ಟುಗಳ ರಶೀದಿ ಪುಸ್ತಕಗಳಿಗೂ ಅದೇ ಮೇಲ್ಪಂಕ್ತಿಯಾಗಬೇಕು.

ಇದರರ್ಥ ಸಂಜೆಯ ವಿನೋದವನ್ನೇ ನಿಲ್ಲಿಸಬೇಕೆಂದಲ್ಲ. ಟಿಕೇಟನ್ನು ಉಚಿತವಾಗಿ ಹಂಚಲಿ, ಬಹುಮಾನವಾಗಿ ಪುಸ್ತಕವನ್ನೋ ಪೂಜಾಸಾಮಗ್ರಿಯನ್ನೋ ಉದಾರಿಗಳೊಬ್ಬರು ಕೊಡಲಿ, ಅಂಕಿಗಳನ್ನು ಕೂಗುವಾಗ 24 ತೀರ್ಥಂಕರರು, 12 ಅನುಪ್ರೇಕ್ಷೆಗಳು, 5 ಅಣುವ್ರತಗಳು ಎಂದು ಮಕ್ಕಳಿಂದ ಹೇಳಿಸಲಿ. ದಾನದ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಬಾಗಿಲ ಬಳಿ ಇರಿಸಲಿ. ಆಗ ಆಟ ಆಟವಾಗಿಯೂ ದಾನ ದಾನವಾಗಿಯೂ ಉಳಿಯುತ್ತದೆ. ಎರಡನ್ನೂ ಬೇರೆ ಖಾತೆಗಳಲ್ಲಿ ಬರೆಯುವುದು ಸಮಾಜದ ಹಿರಿಯರ ಹಾಗೂ ಟ್ರಸ್ಟಿನ ಪದಾಧಿಕಾರಿಗಳ ಕರ್ತವ್ಯ.