ಸಾಂಸ್ಥಿಕ ಪರಾಮರ್ಶೆ: ಟೀಟನ್ ಅಣೆಕಟ್ಟೆಯ ನಂತರ

ಎಂಜಿನಿಯರಿಂಗ್ ಇಲಾಖೆಯೊಂದರ ಕಾರ್ಯವಿಧಾನವನ್ನು ಅದೇ ವೃತ್ತಿಯ, ಆದರೆ ಆ ಇಲಾಖೆಗೆ ಸೇರದ ಅನುಭವಿಗಳು ಪರೀಕ್ಷಿಸುವ ಕ್ರಮವೇ ಸಾಂಸ್ಥಿಕ ಪರಾಮರ್ಶೆ. ಇದು ಲೆಕ್ಕ ತಪಾಸಣೆಯಲ್ಲ, ಶಿಸ್ತುಕ್ರಮವಂತೂ ಅಲ್ಲವೇ ಅಲ್ಲ. ಪರಾಮರ್ಶಕರು ಕಡತಗಳನ್ನು ನೋಡುತ್ತಾರೆ; ಕಿರಿಯ ಎಂಜಿನಿಯರರಿಂದ ಮುಖ್ಯಸ್ಥರವರೆಗೆ ಎಲ್ಲರನ್ನೂ ಗೋಪ್ಯವಾಗಿ ಮಾತನಾಡಿಸುತ್ತಾರೆ; ಕೈಪಿಡಿಯಲ್ಲಿ ಬರೆದದ್ದಕ್ಕೂ ವಾಸ್ತವದಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ಗುರುತಿಸುತ್ತಾರೆ.

ಹೊರಗಿನವರ ಕಣ್ಣು ಏಕೆ ಬೇಕೆಂಬುದಕ್ಕೆ ಅಮೆರಿಕದ ಐಡಾಹೊ ರಾಜ್ಯದ ಟೀಟನ್ ಅಣೆಕಟ್ಟೆ ನಿದರ್ಶನ. 1976ರ ಜೂನ್ 5ರಂದು, ಜಲಾಶಯ ಮೊದಲ ಬಾರಿಗೆ ತುಂಬುತ್ತಿದ್ದಾಗಲೇ ಅದು ಒಡೆದು 11 ಮಂದಿ ಮೃತಪಟ್ಟರು. ಬಿರುಕುಗಳಿದ್ದ ಬಂಡೆಯ ಸಂದುಗಳನ್ನು ಸಮರ್ಪಕವಾಗಿ ಮುಚ್ಚದೆ, ಸುಲಭವಾಗಿ ಕೊಚ್ಚಿಹೋಗುವ ಮಣ್ಣನ್ನು ಅದಕ್ಕೆ ತಾಗಿಸಿ ತುಂಬಲಾಗಿತ್ತು. ಅದನ್ನು ಕಟ್ಟಿದವರು ಅನನುಭವಿಗಳಲ್ಲ. ಹೂವರ್ ಅಣೆಕಟ್ಟೆಯ ಕೀರ್ತಿಗೆ ಪಾತ್ರವಾದ ಬ್ಯೂರೋ ಆಫ್ ರಿಕ್ಲಮೇಷನ್. ಆ ಬಳಿಕ ಸಂಸ್ಥೆಯು ತನ್ನ ಅಣೆಕಟ್ಟೆ ವಿನ್ಯಾಸಗಳನ್ನು ಸ್ವತಂತ್ರ ತಜ್ಞರ ಪರಾಮರ್ಶೆಗೆ ಒಪ್ಪಿಸತೊಡಗಿತು.

ಆದರೆ ವಿನ್ಯಾಸದ ಪರಾಮರ್ಶೆ ಬೇರೆ, ಸಂಸ್ಥೆಯ ಪರಾಮರ್ಶೆ ಬೇರೆ. ಮೊದಲನೆಯದು ನಕ್ಷೆಯ ದೋಷವನ್ನು ಹಿಡಿಯುತ್ತದೆ. ಎರಡನೆಯದು ಅಂಥ ನಕ್ಷೆಗೆ ಸಹಿ ಬೀಳುವ ಪದ್ಧತಿಯನ್ನು. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಸ್ವತಂತ್ರ ತಜ್ಞರ ಸಮಿತಿಯಿಂದ ಸಮಗ್ರ ಮೌಲ್ಯಮಾಪನವನ್ನು ವಿಧಿಸಿದೆ. ಅದು ಅಣೆಕಟ್ಟೆಯ ಮೌಲ್ಯಮಾಪನ, ಅದನ್ನು ನೋಡಿಕೊಳ್ಳುವ ಇಲಾಖೆಯದಲ್ಲ.