ಹಂಚಿನ ಕಾರ್ಖಾನೆಯ ಚಿಮಿಣಿ ಮತ್ತು ಡ್ಯೂಸ್‌ಬರ್ಗಿನ ಉದ್ಯಾನ



ನಮ್ಮ ವೇಣೂರಿನ ಬಾಹುಬಲಿಯು 1604ರಿಂದಲೂ ನೋಡುತ್ತ ನಿಂತಿರುವ ಫಲ್ಗುಣಿ ನದಿಯು ಕೆಳಗೆ ಗುರುಪುರವನ್ನು ಹಾದು ಮಂಗಳೂರಿನಲ್ಲಿ ಕಡಲನ್ನು ಸೇರುತ್ತದೆಯೆಂದು ಭೂಗೋಳದ ತರಗತಿಯಲ್ಲಿ ನಿಮಗೆ ಹೇಳಿದ್ದೆ. ಆ ನದಿಯ ದಂಡೆಯ ಆವೆಮಣ್ಣೇ ಹಂಚಾಗಿ ನಮ್ಮ ತಲೆಯ ಮೇಲಿತ್ತೆಂಬುದನ್ನು ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಇಂದು ಅದನ್ನು ಹೇಳುವ ಪ್ರಸಂಗ ಒದಗಿದೆ.

ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ಚಿತ್ರಗಳನ್ನು ಕಳುಹಿಸಿದ್ದಾನೆ. ತುಕ್ಕು ಹಿಡಿದ ದೊಡ್ಡ ಕುಲುಮೆಗಳು, ಅವುಗಳ ನಡುವೆ ಹಸುರು, ಅಲ್ಲಿ ಓಡಾಡುವ ಮಕ್ಕಳು. ಜತೆಗೆ ಒಂದು ಸಾಲು ಬರೆದಿದ್ದಾನೆ: "ಸರ್, ನನ್ನ ಅಪ್ಪ ದುಡಿದ ಹಂಚಿನ ಕಾರ್ಖಾನೆ ಹೀಗೆ ಯಾಕೆ ಉಳಿಯಲಿಲ್ಲ?" ಈ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು.

ನಮ್ಮ ನಾಡಿಗೆ ಯಂತ್ರದ ಹಂಚನ್ನು ತಂದವರೂ ಜರ್ಮನರೇ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಆವೆಮಣ್ಣಿನ ಗುಣವನ್ನು ಅರಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. ಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವ ಈ ಕೆಲಸ ಸಾವಿರಾರು ಕುಟುಂಬಗಳಿಗೆ ಅನ್ನವಾಯಿತು. ಮುಳಿಹುಲ್ಲಿನ ಮಾಡುಗಳಿದ್ದಲ್ಲಿ ಪಕ್ಕಾಸು, ರೀಪುಗಳ ಮೇಲೆ ಕೆಂಪು ಹಂಚು ಬಂತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ಯಮಗಳು ಬ್ರಿಟಿಷ್ ಸರಕಾರದ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಮುಂದೆ ಕಾಂಕ್ರೀಟಿನ ತಾರಸಿ ಬಂತು. ಒಳ್ಳೆಯ ಮಣ್ಣೂ ಸೌದೆಯೂ ದುರ್ಲಭವಾದವು. ಗೂಡುಗಳು ಒಂದೊಂದಾಗಿ ಆರಿದವು. ಪೇಟೆಯ ನಡುವಿನ ಜಾಗಕ್ಕೆ ಬೆಲೆ ಬಂದಾಗ ಹಳೆಯ ಚಿಮಿಣಿಗೆ ಯಾರು ಬೆಲೆ ಕಟ್ಟುತ್ತಾರೆ?

ವಿದ್ಯಾರ್ಥಿ ಕಳುಹಿಸಿದ ಚಿತ್ರಗಳು ಡ್ಯೂಸ್‌ಬರ್ಗ್ ನಗರದವು. ಅಲ್ಲಿನ ಮೈಡೆರಿಕ್ ಎಂಬಲ್ಲಿ ಥಿಸೆನ್ ಸಂಸ್ಥೆಯ ಕಬ್ಬಿಣದ ಕಾರ್ಖಾನೆ 1985ರಲ್ಲಿ ಮುಚ್ಚಿತು. ಅದನ್ನು ಕೆಡವಬಾರದೆಂದು ಊರವರು ಹಟ ಹಿಡಿದರು. 1991ರ ವಿನ್ಯಾಸಸ್ಪರ್ಧೆಯಲ್ಲಿ ಆಯ್ಕೆಯಾದ ಪೀಟರ್ ಲಾಟ್ಸ್, ಇದ್ದುದನ್ನು ಅಳಿಸದೆ ಅದರ ಬಳಕೆಯನ್ನು ಮಾತ್ರ ಬದಲಿಸಿದರು. 1994ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಉದ್ಯಾನದ ವಿಸ್ತಾರ ಸುಮಾರು 180 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 440 ಎಕರೆಗೂ ಮಿಕ್ಕಿದ್ದು. ಅನಿಲ ತುಂಬಿಡುತ್ತಿದ್ದ ಭಾರಿ ತೊಟ್ಟಿಯಲ್ಲಿ ನೀರು ತುಂಬಿ ಮುಳುಗುಗಾರಿಕೆ ಕಲಿಸುತ್ತಾರೆ. ಅದಿರು ಸುರಿಯುತ್ತಿದ್ದ ಕಣಜಗಳ ಗೋಡೆಯನ್ನು ಹುಡುಗರು ಬಂಡೆಯಂತೆ ಏರುತ್ತಾರೆ. ಎರಕದ ಮನೆಯಲ್ಲಿ ನಾಟಕ, ಸಂಗೀತ, ಚಲನಚಿತ್ರ. ಇಲ್ಲಿ ದುಡಿದ ಅಜ್ಜ ಮೊಮ್ಮಗನ ಕೈಹಿಡಿದು ಬಂದು ತನ್ನ ಕೆಲಸವನ್ನು ತೋರಿಸುವಂತಿರಬೇಕು ಎಂಬುದೇ ಆ ವಿನ್ಯಾಸದ ಹಿಂದಿನ ಆಶಯ.

ನಮ್ಮ ರಾಜ್ಯದಲ್ಲಿಯೂ ಇಂತಹ ಯೋಚನೆ ಮೂಡದೆ ಇಲ್ಲ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆರಂಭವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬುಗಳು ನಮ್ಮ ಹಳ್ಳಿಗಳಲ್ಲಿಯೂ ಉರಿದಿದ್ದವು. ಆ ಕಾರ್ಖಾನೆ 2003ರಲ್ಲಿ ನಿಂತಿತು. ಅದರ ಆವರಣವನ್ನು ನಗರದ ಚರಿತ್ರೆ, ಸಂಸ್ಕೃತಿಗಳನ್ನು ಪರಿಚಯಿಸುವ ತಾಣವಾಗಿ ರೂಪಿಸುವ ಯೋಜನೆಯನ್ನು ಸರಕಾರ 2020ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಉದ್ದೇಶ ಸ್ತುತ್ಯವೇ. ಆದರೆ ಬಲ್ಬು ಮಾಡಿದ ಕೈಗಳ ಕಥೆಯಿಲ್ಲದೆ ಬರಿಯ ಹುಲ್ಲುಹಾಸು, ಕಾರಂಜಿಗಳನ್ನು ಕಟ್ಟಿದರೆ ಅದು ಇನ್ನೊಂದು ವಿಹಾರಸ್ಥಳವಾದೀತೇ ಹೊರತು ಸ್ಮಾರಕವಾಗದು.

ನಾವು ಬಸದಿ, ದೇವಸ್ಥಾನ, ಅರಮನೆಗಳನ್ನು ಚರಿತ್ರೆ ಎನ್ನುತ್ತೇವೆ. ಕೂಲಿಯ ಬೆವರು ಬಿದ್ದ ಗೂಡನ್ನು ಅವಶೇಷ ಎನ್ನುತ್ತೇವೆ. ಮೂವತ್ತು ವರ್ಷ ಚರಿತ್ರೆ ಕಲಿಸಿದ ನಾನೂ ಈ ತಪ್ಪಿನಲ್ಲಿ ಭಾಗಿ. ಅಜಿಲರಸರ ಹೆಸರನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ತರಗತಿಯ ಹಂಚಿನ ಅಡಿಯಲ್ಲಿ ಕುಳಿತೇ ಆ ಹಂಚನ್ನು ಮಾಡಿದವರು ಯಾರೆಂದು ಒಮ್ಮೆಯೂ ಕೇಳಲಿಲ್ಲ. ಅಂಥವರ ಮಗನೊಬ್ಬ ಎದುರಿನ ಬೆಂಚಿನಲ್ಲಿಯೇ ಇದ್ದ.

ಅವನಿಗೆ ಹೀಗೆ ಉತ್ತರ ಬರೆದಿದ್ದೇನೆ: "ಡ್ಯೂಸ್‌ಬರ್ಗಿನಲ್ಲಿ ಉಳಿಯಬೇಕೆಂದು ಕೇಳಿದವರಿದ್ದರು, ಉಳಿಯಿತು. ನಮ್ಮಲ್ಲಿ ಕೇಳಬೇಕಾದವರು ಸುಮ್ಮನಿದ್ದೆವು. ನಿನ್ನ ಅಪ್ಪನ ನೆನಪುಗಳನ್ನು ಈ ರಜೆಯಲ್ಲಿ ಬಂದಾಗ ಬರೆದಿಟ್ಟುಕೊ."

ನಿಮ್ಮಲ್ಲಿಯೂ ಹಲವರ ಮನೆಗಳಲ್ಲಿ ಹಂಚು ಒತ್ತಿದ, ಮಣ್ಣು ಹೊತ್ತ, ದೋಣಿ ನಡೆಸಿದ ಹಿರಿಯರಿದ್ದಾರು. ಅವರ ಮಾತನ್ನು ಕೇಳಿ ಬರೆದಿಡಿ. ಹಳೆಯ ಮನೆಯನ್ನು ಬಿಚ್ಚುವಾಗ ಅಚ್ಚಿನ ಅಕ್ಷರವಿರುವ ಒಂದು ಹಂಚನ್ನಾದರೂ ತೆಗೆದಿಡಿ. ಎಂದಾದರೊಂದು ದಿನ ಮಂಗಳೂರಿನಲ್ಲಿ ಅಂಥದೊಂದು ಉದ್ಯಾನವಾದರೆ, ಅದರೊಳಗೆ ಇಡುವುದಕ್ಕೆ ಏನಾದರೂ ಬೇಕಲ್ಲವೆ?